ಪುಸ್ತಕಕ್ಕೆ ಕಿವಿ ಹಚ್ಚಿದ ವರ್ಷಗಳು

ನಾನು ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕೆಲಸ ಮಾಡಿದೆ ಎಂದರೆ ಕೇಳಿದವರು ನನ್ನನ್ನು ಪತ್ರಿಕೆಯವಳು ಎಂದುಕೊಳ್ಳುತ್ತಾರೆ. ಬೈಂಡಿಂಗ್ ಎಂದರೆ ಅವರ ಮುಖ ಸ್ವಲ್ಪ ಇಳಿಯುತ್ತದೆ. ಪುಸ್ತಕಕ್ಕೆ ಕಿವಿ ಹಚ್ಚುತ್ತಿದ್ದೆ ಎಂದರೆ ನನ್ನ ಕಿವಿಯನ್ನೇ ನೋಡುತ್ತಾರೆ. ಆದ್ದರಿಂದ ಅದೇನೆಂದು ಮೊದಲೇ ಹೇಳಿಬಿಡುತ್ತೇನೆ. ದಪ್ಪ ಪುಸ್ತಕದಲ್ಲಿ ಬೇಕಾದ ಭಾಗ ಬೇಗ ಸಿಗಲೆಂದು ಹಾಳೆಯ ಅಂಚಿನಿಂದ ಹೊರಗೆ ಚಾಚಿಕೊಂಡಿರುವ, ಹೆಸರು ಬರೆದ ಸಣ್ಣ ತುಂಡುಗಳಿರುತ್ತವಲ್ಲ, ಅವನ್ನು ನಮ್ಮ ಪ್ರೆಸ್ಸಿನಲ್ಲಿ ಕಿವಿ ಎನ್ನುತ್ತಿದ್ದೆವು.

ಈಗ ಅವು ಕಂಪ್ಯೂಟರಿನ ಪರದೆಗೆ ಹೋಗಿವೆ. ಎಡಗಡೆ ಸಾಲಾಗಿ ಹೆಸರುಗಳು ನಿಂತಿರುತ್ತವೆ, ಒತ್ತಿದರೆ ಆಯಾ ಪುಟ ತೆರೆದುಕೊಳ್ಳುತ್ತದೆ. ಅಂಥ ಸಾಲು ಕಟ್ಟುವ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದು, "ಅಮ್ಮಾ, ಆಗ ನೀವು ಹ್ಯಾಗ್ ಮಾಡ್ತಿದ್ರಿ ಹೇಳ್ರಿ" ಎಂದರು. ಬಾಯಲ್ಲಿ ಹೇಳಹೋಗಿ ಹಿಂದಿನದು ಮುಂದಾಯಿತು, ಮುಂದಿನದು ಹಿಂದಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ಬಡ್ತಿ, ಸನ್ಮಾನ ಹುಡುಕಬೇಡಿ. ನಾವು ಪೆದ್ದರಾದ ಪ್ರಸಂಗಗಳೇ ಹೆಚ್ಚು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುರುವನೂರಿನಿಂದ ಚಿತ್ರದುರ್ಗಕ್ಕೆ ಬಂದು ಸೋದರತ್ತೆಯ ಮನೆಯಲ್ಲಿದ್ದುಕೊಂಡು ಆ ಪ್ರೆಸ್ಸಿಗೆ ಸೇರಿದೆ. ಅಪ್ಪನಿಗೆ ಕುರಿ ಹಿಂಡಿತ್ತು. ನನಗೆ ಏಳನೇ ಕ್ಲಾಸು ಆಗಿತ್ತು. ಹಾಳೆ ಮಡಿಸುವುದು, ಹೊಲಿಯುವುದು, ಅಂಟು ಹಚ್ಚುವುದು ನನ್ನ ಕೆಲಸ. ಯಜಮಾನರು ಬಸವರಾಜಪ್ಪ, ದಪ್ಪ ಮೀಸೆಯ, ತೆಳ್ಳನೆಯ ದನಿಯ ಮನುಷ್ಯ. ಸೀಸದ ಅಚ್ಚಿನ ಮೊಳೆ ಜೋಡಿಸುವ ಹಿರಿಯ ಕಂಪೋಸಿಟರ್ ಅನಂತಯ್ಯನವರು. ಲಗ್ನಪತ್ರಿಕೆಯಲ್ಲಿ ತಪ್ಪು ಕಂಡರೆ ಮದುವೆಯನ್ನೇ ಮುಂದಕ್ಕೆ ಹಾಕಿಸಬಲ್ಲವರು. ದೊಡ್ಡ ಬ್ಲೇಡಿನ ಕಟಿಂಗ್ ಯಂತ್ರಕ್ಕೆ ಹನುಮಂತಪ್ಪ. ಅವನಿಗೆ ಏನು ಹೇಳಿದ್ದರೂ ಅದನ್ನು ಚಾಚೂ ತಪ್ಪದೆ ಮಾಡುವವನು. ಅದೇ ನಮಗೆ ಮುಂದೆ ಮುಳುವಾಯಿತು.

ಒಂದು ದಿನ ಯಜಮಾನರು ತಾಲ್ಲೂಕು ಕಚೇರಿಗೆ ಹೋಗಿ ಬಂದವರೇ ಹೊಸ ವಿಚಾರ ತೆಗೆದರು.

"ಅಲ್ರಿ ಅನಂತಯ್ಯ, ಸರ್ಕಾರಕ್ಕೊಂದು ದಫ್ತರ ಐತೆ. ಯಾವ ಕಾಗದ ಬೇಕಂದ್ರೂ ಸಿಗತೈತೆ."

"ಸಿಗುತ್ತದೆಯೇ?" ಎಂದು ಅನಂತಯ್ಯ ಕೇಳಿದರು.

"ಸಿಗಬೇಕು ಅಂತ ಐತೆ. ಹಂಗೇ ಒಬ್ಬೊಬ್ಬ ಮನುಷ್ಯಂಗೂ ಒಂದು ದಫ್ತರ ಬ್ಯಾಡೇನ್ರಿ? ನೆಂಟ್ರ ವಿಳಾಸ, ಯಾರ ಮಗಳು ಯಾವಾಗ ಹುಟ್ಟಿದ್ಲು, ಕೆಮ್ಮಿಗೆ ಏನು ಔಷಧಿ, ಏಣಿ ಯಾರು ಒಯ್ದವ್ರೆ, ಎಲ್ಲಾ ಒಂದೇ ಪುಸ್ತಕದಾಗೆ. ಬದೀಗೆ ಕಿವಿ. ಹಿಡಿದ್ರೆ ಸಾಕು, ಪುಟ ಬರಬೇಕು."

ಪುಸ್ತಕಕ್ಕೆ 'ಸ್ವಂತ ದಫ್ತರ' ಎಂಬ ಹೆಸರೂ ಅಲ್ಲೇ ಇಡಲಾಯಿತು. ಕಿವಿಗಳ ಏರ್ಪಾಡು ಅನಂತಯ್ಯನವರ ಪಾಲಿಗೆ ಬಂತು, ಅಂಟು ನನ್ನ ಪಾಲಿಗೆ.

ಅನಂತಯ್ಯನವರು ಎರಡನೇ ಮಾತಿಲ್ಲದೆ ವರ್ಣಮಾಲೆ ಹಿಡಿದರು. ಅ ಇಂದ ಳ ವರೆಗೆ ನಲವತ್ತೊಂಬತ್ತು ಕಿವಿ. ಒಂದು ಗೇಣುದ್ದದ ಪುಸ್ತಕದ ಬದಿಗೆ ಅಷ್ಟನ್ನು ಕೂರಿಸಬೇಕಾದರೆ ಒಂದೊಂದೂ ಅಕ್ಕಿಕಾಳಿಗಿಂತ ತುಸು ಅಗಲ. ನಾನು ಮೂರು ದಿನ ಉಸಿರು ಬಿಗಿಹಿಡಿದು ಹಚ್ಚಿದೆ. ಮುಗಿದಾಗ ಪುಸ್ತಕ ಜರಿಹುಳುವಿನ ಹಾಗೆ ಕಾಣುತ್ತಿತ್ತು.

ಯಜಮಾನರು ಅದನ್ನು ತಿರುಗಿಸಿ ನೋಡಿದರು. "ಇದೇನ್ರಿ, ಙ ಅಂತ ಒಂದು ಕಿವಿ?"

"ವರ್ಣಮಾಲೆಯಲ್ಲಿದೆ."

"ಙ ಇಂದ ಶುರುವಾಗೋ ನೆಂಟ್ರು ನಿಮಗೆ ಯಾರವ್ರೆ?"

"ಈಗ ಯಾರೂ ಇಲ್ಲ. ನಾಳೆ ಯಾರಾದರೂ ಬಂದರೆ ಪುಸ್ತಕ ಒಡೆಯುವುದಕ್ಕಾಗುತ್ತದೆಯೇ?"

ಯಜಮಾನರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಇಟ್ಟ ಸದ್ದಿಗೇ ನಾಲ್ಕು ಕಿವಿ ಉದುರಿದವು. ಇನ್ನೂ ಒಂದು ತೊಂದರೆ ಇತ್ತು. ನಮ್ಮ ಕಡೆ ಯಾರನ್ನೂ ಹೆಸರು ಹಿಡಿದು ನೆನೆಯುವುದಿಲ್ಲ. ಸೋದರತ್ತೆಯನ್ನು ಕೇಳಿದೆ: "ಅತ್ತೆ, ಹಿರಿಯೂರಿನ ಚಿಕ್ಕಪ್ಪನ ಹೆಸರೇನು?" "ಹಿರಿಯೂರು ಚಿಕ್ಕಪ್ಪ" ಎಂದಳು. ಆ ಚಿಕ್ಕಪ್ಪನನ್ನು ಹ ಅಡಿ ಬರೆಯಬೇಕೋ, ಚ ಅಡಿಯೋ, ಇಲ್ಲ ಅವನ ನಿಜವಾದ ಹೆಸರು ರಂಗಸ್ವಾಮಿ ಎಂದು ರ ಅಡಿಯೋ? ನಾನಿದನ್ನು ಹೇಳಿದಾಗ ಅನಂತಯ್ಯನವರು, "ಜನ ತಿದ್ದಿಕೊಳ್ಳಬೇಕು" ಎಂದರು. ಜನ ತಿದ್ದಿಕೊಳ್ಳುವುದಿಲ್ಲ. ಈ ಕೆಲಸಕ್ಕೆ ಬರುವವರು ಅದನ್ನು ಎಷ್ಟು ಬೇಗ ಒಪ್ಪಿಕೊಂಡರೆ ಅಷ್ಟು ಅಂಟು ಉಳಿಯುತ್ತದೆ.

ಎರಡನೇ ಸಲ ಯಜಮಾನರೇ ವಿಷಯಗಳನ್ನು ಆರಿಸಿದರು. ಹನ್ನೆರಡು ಕಿವಿ. ಬಂಧುವರ್ಗ, ಶುಭಾಶುಭ, ಪತ್ರವ್ಯವಹಾರ, ವೈದ್ಯಕೀಯ, ಸ್ಥಾವರ, ಜಂಗಮ, ಹೀಗೆ ಗಂಭೀರವಾದ ಹೆಸರುಗಳು. ಹನ್ನೊಂದು ಹೊಳೆದವು, ಹನ್ನೆರಡನೆಯದು ಹೊಳೆಯಲಿಲ್ಲ. "ಇತರೆ ಅಂತ ಹಾಕ್ರಿ" ಎಂದರು.

ಮೂರು ಮಾದರಿ ಪುಸ್ತಕ ಮಾಡಿ ಮೂವರು ಪರಿಚಿತರಿಗೆ ಕೊಟ್ಟೆವು. ಹೊಳಲ್ಕೆರೆಯ ಒಬ್ಬ ಮೇಷ್ಟ್ರಿಗೆ; ಯಲ್ಲದಕೆರೆಯಲ್ಲಿ ಹೆರಿಗೆ ನೋಡಿಕೊಳ್ಳುತ್ತಿದ್ದ ಸರ್ಕಾರಿ ನರ್ಸ್ ಸರೋಜಮ್ಮನಿಗೆ; ಶ್ರೀರಾಂಪುರದ ಹತ್ತಿರದ ಕುರಿ ಸಾಕುವ ಕರಿಯಪ್ಪನಿಗೆ. ಕರಿಯಪ್ಪನಿಗೆ ಓದು ಬರುತ್ತಿರಲಿಲ್ಲ, ನಾಲ್ಕು ಕ್ಲಾಸು ಓದಿದ ಮಗಳು ಬರೆದುಕೊಡುತ್ತಿದ್ದಳು. ಎರಡು ತಿಂಗಳಾದ ಮೇಲೆ ಹೋಗಿ ನೋಡಿಬರಲು ಯಜಮಾನರು ನನ್ನನ್ನು ಕಳಿಸಿದರು. ಅವರೇ ಹೋದರೆ ಜನ ಚೆನ್ನಾಗಿದೆ ಎಂದುಬಿಡುತ್ತಾರಂತೆ; ನನ್ನ ಮುಂದೆ ಯಾರಿಗೂ ಸಂಕೋಚವಿರುವುದಿಲ್ಲವಂತೆ. ಇದು ಹೊಗಳಿಕೆಯೋ ಏನೋ ತಿಳಿಯದೆ ಬಸ್ಸು ಹತ್ತಿದೆ.

ಮೇಷ್ಟ್ರು ಕಾಫಿ ಕೊಟ್ಟು ಪುಸ್ತಕವನ್ನು ಹೊಗಳಿದರು. ನಾನು ಅದನ್ನು ಕೈಗೆ ತಗೊಂಡೆ. ಹನ್ನೊಂದು ಕಿವಿಗಳು ಹಚ್ಚಿದ ದಿನದಷ್ಟೇ ಬೆಳ್ಳಗಿದ್ದವು. ಇತರೆ ಎಂಬುದು ಮಾತ್ರ ಎಣ್ಣೆ, ಮಸಿ ಮೆತ್ತಿಕೊಂಡು, ಕರ್ರಗಾಗಿ, ಅರ್ಧ ಹರಿದು ಜೋತುಬಿದ್ದಿತ್ತು. ಒಳಗೆ ತಂಗಿಯ ವಿಳಾಸ, ಸೊಸೈಟಿಯಲ್ಲಿ ಸಕ್ಕರೆ ಕೊಡುವ ದಿನ, ಚಪ್ಪಲಿಯ ಅಳತೆ, ಎಲ್ಲವೂ ಇತರೆಯಲ್ಲೇ.

ಸರೋಜಮ್ಮನ ಪುಸ್ತಕದಲ್ಲೂ ಅದೇ ಕಥೆ. ಆದರೆ ಆಕೆ ಜಂಗಮದಲ್ಲಿ ಒಂದು ಸಾಲು ಬರೆದಿದ್ದರು. ಯಜಮಾನರ ಅರ್ಥದಲ್ಲಿ ಜಂಗಮ ಎಂದರೆ ಹೊತ್ತೊಯ್ಯಬಹುದಾದ ಸಾಮಾನು. ಸರೋಜಮ್ಮ ಬರೆದದ್ದು, 'ಮಠದ ಅಯ್ಯನವರು, ಸೋಮವಾರ ಭಿಕ್ಷಕ್ಕೆ ಬರುತ್ತಾರೆ.'

"ತಪ್ಪಾತೇನಮ್ಮ?" ಎಂದರು.

"ತಪ್ಪು ನಿಮ್ದಲ್ಲಕ್ಕ, ಕಿವೀದು" ಎಂದೆ.

ಮೂರನೆಯದೂ ಹಾಗೇ ಇತ್ತು. ಮೂರೂ ಪುಸ್ತಕಗಳನ್ನು ತಂದು ಯಜಮಾನರ ಮುಂದಿಟ್ಟಾಗ ಅವರಿಗೆ ಸಿಟ್ಟು ಬಂತು. "ಹಂಗಾರೆ ಹನ್ನೆರಡು ಕಿವಿಗೂ ಇತರೆ ಅಂತಾನೇ ಹಾಕ್ರಿ, ಎಲ್ಲಾರೂ ಸುಖವಾಗಿರ್ಲಿ!"

ನನಗೆ ಸಿಟ್ಟಿಗಿಂತ ಆ ಕರ್ರಗಿನ ಕಿವಿಯೇ ಕಣ್ಣಿಗೆ ಕಟ್ಟಿತ್ತು. ಜನಕ್ಕೆ ಬರೆಯುವ ಅಭ್ಯಾಸವಿಲ್ಲ ಎಂದು ಅನಂತಯ್ಯನವರು ಹೇಳುತ್ತಿದ್ದದ್ದು ಸುಳ್ಳು. ಒಂದು ಕಿವಿ ಹರಿಯುವಷ್ಟು ಬರೆದಿದ್ದರು. ನಮ್ಮ ಹನ್ನೊಂದು ಹೆಸರುಗಳ ಒಳಗೆ ಅವರ ಬದುಕು ಹಿಡಿಸಿರಲಿಲ್ಲ, ಅಷ್ಟೇ. ಧೈರ್ಯ ಮಾಡಿ ಹೇಳಿದೆ: "ಯಜಮಾನ್ರೇ, ಯಾರೂ 'ಬಂಧುವರ್ಗ ಎಲ್ಲಿ' ಅಂತ ಹುಡುಕಾದಿಲ್ಲ. ಅವ್ರು ಯಾರಪ್ಪಾ, ಅದು ಯಾವಾಗ, ಕೊಡಲಿ ಯಾರತ್ರ ಐತೆ, ಹಿಂಗೆ ಕೇಳ್ಕಂತಾರೆ. ಕೇಳ್ಕಳಾದನ್ನೇ ಕಿವಿ ಮ್ಯಾಲೆ ಹಾಕಾಣ."

ಅಂಟು ಹಚ್ಚುವವಳು ಅಕ್ಷರದ ವಿಷಯಕ್ಕೆ ಬಾಯಿ ಹಾಕಿದ್ದು ಅದೇ ಮೊದಲು. ಅನಂತಯ್ಯನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮೊಳೆ ಕಡಿಮೆ ಸಾಕು" ಎಂದರು. ಅದು ಒಪ್ಪಿಗೆ.

ಹೀಗೆ ಏಳು ಕಿವಿ ಬಂದವು: ಯಾರು, ಯಾವಾಗ, ಔಷಧಿ, ಎಲ್ಲಿದೆ, ಯಾರ ಹತ್ತಿರ, ಹೇಗೆ, ಜೋಕೆ. ಕೊನೆಯದು ಸರೋಜಮ್ಮ ಕೇಳಿದ್ದು. ಯಾವ ಬಸುರಿಗೆ ಏನು ಅಪಾಯ ಎಂಬುದನ್ನು ಬೇರೆ ಕಡೆ ಬರೆದುಕೊಳ್ಳಬೇಕು ಎಂದಿದ್ದರು. ಹೊಸ ಮಾದರಿ ಕೊಟ್ಟು ತಿಂಗಳು ಬಿಟ್ಟು ನೋಡಿದರೆ ಏಳೂ ಕಿವಿ ಒಂದೇ ಸಮ ಕೊಳೆಯಾಗಿದ್ದವು. ಅಷ್ಟು ಚಂದದ ಕೊಳೆಯನ್ನು ನಾನು ಮತ್ತೆ ನೋಡಲಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅನಂತಯ್ಯನವರಿಗೆ ಆ ಏಳು ಪದಗಳು ಅಕಾರಾದಿಯಲ್ಲಿಲ್ಲ ಎಂಬುದು ಊಟ ಸೇರದ ಚಿಂತೆಯಾಗಿತ್ತು. ಇನ್ನೊಂದು ಮಾದರಿ ಮಾಡುವಾಗ ಯಾರಿಗೂ ಹೇಳದೆ ಸಾಲನ್ನು ಸರಿಪಡಿಸಿದರು. ಎಲ್ಲಿದೆ, ಔಷಧಿ, ಜೋಕೆ ಎಂದು ಶುರುವಾಯಿತು. ಮೂರನೆಯದಾಗಿದ್ದ ಔಷಧಿ ಎರಡಕ್ಕೆ ಏರಿತು. ಕೊನೆಯಲ್ಲಿದ್ದ ಜೋಕೆ ಮೂರಕ್ಕೆ ಬಂದು ಕೂತಿತು. ಕರಿಯಪ್ಪನ ಮಗಳು ಹಳೆಯದನ್ನೆಲ್ಲ ಹೊಸದಕ್ಕೆ ಇಳಿಸಿಕೊಟ್ಟಳು.

ಹದಿನೈದು ದಿನಕ್ಕೆ ಕರಿಯಪ್ಪ ಕಂಬಳಿ ಕೊಡವುತ್ತ ಪ್ರೆಸ್ಸಿಗೇ ಬಂದ.

"ಯಾರ್ರೀ ಇದರ ಕಿವಿ ಕಿತ್ತು ಆಚೀಚೆ ಮಾಡಿದೋರು?"

"ಏನಾತಪ್ಪ, ಕುಂತ್ಕ" ಎಂದರು ಯಜಮಾನರು.

"ಕುಂದ್ರಾಕೆ ಮಕ ಐತೇನ್ರೀ ನನಗೆ? ನಂಗೆ ಓದಾಕ್ ಬರಲ್ಲ. ಮೂರನೇ ಕಿವಿ ಹಿಡಿದ್ರೆ ಕುರಿ ಔಷಧಿ ಅಂತ ಬೆರಳಿಗೆ ಗೊತ್ತೈತೆ. ಹೊಸದುರ್ಗದಾಗೆ ಔಷಧಿ ಅಂಗಡೀಲಿ ಮೂರನೇ ಕಿವಿ ತೆಗೆದು ಕೊಟ್ಟೆ. ಅಂಗಡಿಯೋನು ಎಲ್ಲಾರ ಮುಂದೆ ಗಟ್ಟಿಯಾಗಿ ಓದಿದ, 'ಅತ್ತೆ ಮುಂದೆ ಜಾಸ್ತಿ ಮಾತಾಡಬಾರದು, ಮನೆ ಹಾಳಾಗತೈತೆ.' ಓದಿ, 'ಇದಕ್ಕೆ ನಮ್ಮತ್ರ ಔಷಧಿ ಇಲ್ಲ ಕಣಪ್ಪ' ಅಂದ."

ಹನುಮಂತಪ್ಪ ಯಂತ್ರದ ಹಿಂದೆ ಹೋಗಿ ನಿಂತ. ಅವನ ಭುಜ ಕುಣಿಯುತ್ತಿತ್ತು.

"ನಗಾದಿರ್ಲಿ," ಎಂದ ಕರಿಯಪ್ಪ. "ಪಕ್ಕದಾಗೆ ನಿಂತು ಕೇಳ್ತಿದ್ದೋಳು ನಮ್ಮತ್ತೆಯ ಸ್ವಂತ ಅಕ್ಕ."

ಆ ಮನೆಯಲ್ಲಿ ಆಮೇಲೆ ಏನಾಯಿತೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಅನಂತಯ್ಯನವರು ತಾವೇ ಎದ್ದು ಬಂದು, "ತಪ್ಪು ನನ್ನದು" ಎಂದು ಕೈ ಮುಗಿದರು. ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಜನ ಓದುವುದಕ್ಕಿಂತ ಮೊದಲು ಬೆರಳಲ್ಲಿ ನೆನಪಿಟ್ಟುಕೊಂಡಿರುತ್ತಾರೆ, ಒಮ್ಮೆ ಕೊಟ್ಟ ಸಾಲನ್ನು ನಮ್ಮ ಅಂದಕ್ಕಾಗಿ ಕದಲಿಸಬಾರದು ಎಂಬುದು ಅಂದು ನಮ್ಮ ಪ್ರೆಸ್ಸಿನ ಕಾನೂನಾಯಿತು. ಹಳೆಯ ಸಾಲು ಮರಳಿ ಬಂತು.

ಇನ್ನು ನನ್ನ ಸರದಿ. ಹೊಸದುರ್ಗದ ಒಬ್ಬ ಬಟ್ಟೆ ವ್ಯಾಪಾರಿ ಮಗಳ ಮದುವೆಗೆ ಬಂದವರಿಗೆಲ್ಲ ಉಡುಗೊರೆ ಕೊಡಲು ಇನ್ನೂರು ಪುಸ್ತಕ ಬೇಕೆಂದರು. ಸ್ವಂತ ದಫ್ತರಕ್ಕೆ ಬಂದ ಮೊದಲ ದೊಡ್ಡ ಕೆಲಸ. ಕಿವಿಗೆಂದು ಒಳ್ಳೆಯ ಗಟ್ಟಿ ಕಾಗದವನ್ನು ಬೆಂಗಳೂರಿನಿಂದ ತರಿಸಿದ್ದರು. ಪುಸ್ತಕದ ಅಂಚುಗಳನ್ನು ಯಂತ್ರದಲ್ಲಿ ಸಮನಾಗಿ ಕತ್ತರಿಸಿದ ಮೇಲೆ ಕಿವಿ ಹಚ್ಚಬೇಕು. ಇದು ಗೊತ್ತಿದ್ದೂ, ದಿನ ಉಳಿಸುವ ಆತುರದಲ್ಲಿ ನಾನು ಕತ್ತರಿಸುವ ಮೊದಲೇ ಅಷ್ಟಕ್ಕೂ ಹಚ್ಚಿ ಮುಗಿಸಿ, ಯಂತ್ರದ ಪಕ್ಕ ಒಣಗಲು ಪೇರಿಸಿಟ್ಟು, ಊಟಕ್ಕೆ ಹೋದೆ. ಯಂತ್ರದ ಪಕ್ಕ ಇಟ್ಟದ್ದನ್ನೆಲ್ಲ ಕತ್ತರಿಸಬೇಕೆಂದು ಹನುಮಂತಪ್ಪನಿಗೆ ಮೊದಲಿನಿಂದಲೂ ಹೇಳಿತ್ತು.

ಬಂದಾಗ ಹನುಮಂತಪ್ಪ ಕೈ ಒರೆಸಿಕೊಳ್ಳುತ್ತಿದ್ದ. "ಎಲ್ಲಾ ಕಟಿಂಗ್ ಆತು ಈರಮ್ಮ. ಬದೀಗೆ ಏನೋ ಚಾಚ್ಕಂಡಿದ್ವು. ನೀಟಾಗಿ ತೆಗ್ದೀನಿ."

ನೆಲದ ಮೇಲೆ ಸಾವಿರಕ್ಕೂ ಮಿಕ್ಕ ಕಿವಿಗಳು ಬಿದ್ದಿದ್ದವು. ಯಾರು, ಯಾವಾಗ, ಎಲ್ಲಿದೆ ಎಂದು ನನ್ನನ್ನೇ ಕೇಳುತ್ತಿರುವ ಹಾಗಿತ್ತು. ನಾನು ಅವುಗಳ ಮಧ್ಯೆ ಕೂತುಬಿಟ್ಟೆ. ಮದುವೆಗೆ ಆರು ದಿನ. ಕಾಗದ ಮುಗಿದಿತ್ತು. ಯಜಮಾನರು ಬಂದು ನೋಡಿ, ಹೊರಗೆ ಹೋಗಿ ಜಗುಲಿಯ ಮೇಲೆ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೆಲಸ ಹೋಯಿತು, ನಾಳೆ ತುರುವನೂರಿನ ಬಸ್ಸು ಎಂದುಕೊಂಡೆ.

ಊರು ನೆನಪಾದದ್ದಕ್ಕೋ ಏನೋ, ಅಪ್ಪನ ಕುರಿಗಳೂ ನೆನಪಾದವು. ನಮ್ಮವು ಯಾವು, ಪರರವು ಯಾವು ಎಂದು ಗುರುತು ಹಿಡಿಯಲು ಕುರಿಯ ಕಿವಿಗೆ ಯಾರೂ ಏನನ್ನೂ ಅಂಟಿಸುವುದಿಲ್ಲ. ಕಿವಿಯಲ್ಲೇ ಒಂದು ಕಚ್ಚು ಹಾಕುತ್ತಾರೆ. ಹಾಗಾದರೆ ಹಾಳೆಗೆ ಹೊರಗಿನ ಕಿವಿ ಯಾಕೆ ಬೇಕು? ಚಾಕು ತಗೊಂಡು ಒಂದು ಪುಸ್ತಕದ ಮೊದಲ ಭಾಗದ ಹಾಳೆಗಳಲ್ಲಿ ಮೇಲೆ ಒಂದು ಹೆಬ್ಬೆರಳಗಲ ಬಿಟ್ಟು, ಅದರ ಕೆಳಗೆ ಉಳಿದ ಬದಿಯ ಅಂಚನ್ನು ಸಣ್ಣಗೆ ಕತ್ತರಿಸಿ ತೆಗೆದೆ. ಎರಡನೇ ಭಾಗದಲ್ಲಿ ಎರಡು ಹೆಬ್ಬೆರಳಗಲ ಬಿಟ್ಟೆ. ಮೂರರಲ್ಲಿ ಮೂರು. ಬದಿಯಲ್ಲಿ ಏಳು ಮೆಟ್ಟಿಲು ಮೂಡಿದವು. ಅಂಟಿಲ್ಲ, ಚಾಚಿಕೊಂಡದ್ದಿಲ್ಲ, ಹರಿಯುವುದಕ್ಕೆ ಏನೂ ಇಲ್ಲ.

ಅನಂತಯ್ಯನವರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೊಳೆಗಳನ್ನು ಪದವಾಗಿ ಜೋಡಿಸಿ ದಾರದಿಂದ ಬಿಗಿದು, ಮಸಿಯ ದಿಂಬಿಗೆ ಒತ್ತಿ, ಮೊದಲ ಮೆಟ್ಟಿಲ ಮೇಲೆ ಯಾರು ಎಂದು ಮುದ್ರೆ ಹಾಕಿದರು. ನಾನು, ಅವರು, ಹನುಮಂತಪ್ಪ, ಮೂವರೂ ಐದು ದಿನ ಕೂತು ಇನ್ನೂರನ್ನೂ ಮುಗಿಸಿದೆವು. ಮದುವೆಯ ದಿನ ಛತ್ರದಲ್ಲಿ ಸೆಖೆಯಿತ್ತು. ಬಂದವರೆಲ್ಲ ಸ್ವಂತ ದಫ್ತರದಿಂದ ಗಾಳಿ ಬೀಸಿಕೊಂಡರಂತೆ. ಒಂದೂ ಕಿವಿ ಉದುರಲಿಲ್ಲ ಎಂದು ಯಜಮಾನರು ಹೆಮ್ಮೆಯಿಂದ ಹೇಳಿದರು. ನನ್ನ ಕೆಲಸದ ವಿಷಯ ಯಾರೂ ಎತ್ತಲಿಲ್ಲ.

ಸರೋಜಮ್ಮನಿಗೂ ಹೊಸ ಮೆಟ್ಟಿಲಿನ ಪುಸ್ತಕ ಕೊಟ್ಟಿದ್ದೆವು. ಮಾರನೇ ವರ್ಷ ಆಕೆ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಅವರ ಜಾಗಕ್ಕೆ ಮಂಗಳೂರು ಕಡೆಯ ಫ್ಲೋರಿನ್ ಎಂಬ ಹೊಸ ನರ್ಸ್ ಬಂದರು. ಕೆಲವು ವಾರಗಳ ನಂತರ ಆಕೆ ನಮ್ಮ ಪ್ರೆಸ್ಸು ಹುಡುಕಿಕೊಂಡು ಬಂದು, "ಸರೋಜಮ್ಮ ಬಿಟ್ಟುಹೋದ ಪುಸ್ತಕ ಯಾರು ಮಾಡಿದ್ದು ಮಾರಾಯ್ರೆ?" ಎಂದು ಕೇಳಿದರು.

ಯಜಮಾನರು ಅಭ್ಯಾಸದಂತೆ ಅನಂತಯ್ಯನವರ ಕಡೆ ಕೈ ತೋರಿಸಿದರು. ಅನಂತಯ್ಯನವರು, "ನಾನು ಅಕ್ಷರ ಒತ್ತಿದವನು. ಮಾಡಿದವಳು ಇವಳು" ಎಂದು ನನ್ನ ಕಡೆ ತೋರಿಸಿದರು. ನನ್ನ ಕೈಯೆಲ್ಲ ಅಂಟಾಗಿತ್ತು.

ಆಕೆ ಹೇಳಿದ್ದಿಷ್ಟು. ಬಂದ ಎರಡನೇ ದಿನ ಮಧ್ಯಾಹ್ನ ಒಬ್ಬ ರೈತ ಓಡಿಬಂದು, ಹೆಂಡತಿ ಲಕ್ಷ್ಮಮ್ಮನಿಗೆ ನೋವು ಶುರುವಾಗಿದೆ ಎಂದ. ಯಾರು ಎಂಬಲ್ಲಿ ನೋಡಿದರೆ ಐವರು ಲಕ್ಷ್ಮಮ್ಮಂದಿರು. ಗಂಡನ ಹೆಸರಿನಿಂದ ಗುರುತು ಸಿಕ್ಕಿತು. ಜೋಕೆ ಎಂಬಲ್ಲಿ ಸರೋಜಮ್ಮ ಬರೆದಿದ್ದರು: 'ಹಿಂದಿನ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಮನೆಯಲ್ಲಿ ಕಾಯಬಾರದು. ತಕ್ಷಣ ಹಿರಿಯೂರು ಆಸ್ಪತ್ರೆ.' ಯಾರ ಹತ್ತಿರ ಎಂಬಲ್ಲಿ ಜೀಪಿರುವ ಮನೆ. ಜೀಪು ಹತ್ತಿಸಿದರು. ಆಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು, ರಕ್ತ ಹೋಯಿತು, ಆದರೆ ಡಾಕ್ಟರು ಕೈಯಳತೆಯಲ್ಲೇ ಇದ್ದರು. ತಾಯಿ ಉಳಿದಳು.

ಯಜಮಾನರು ಮೀಸೆ ಮುಟ್ಟಿಕೊಂಡು, "ಕಾಫಿ ತರಿಸ್ರಪ್ಪ" ಎಂದರು.

"ಕಾಫಿ ಮತ್ತೆ ಕುಡಿಯುವ" ಎಂದರು ಫ್ಲೋರಿನ್. "ನಾನು ಬಂದದ್ದು ದೂರು ಹೇಳಲಿಕ್ಕೆ."

ಆಕೆ ಪುಸ್ತಕವನ್ನು ಚೀಲದಿಂದ ತೆಗೆದರು. ಎಲ್ಲರೂ ದಪ್ಪ ಪುಸ್ತಕ ಹಿಡಿಯುವಂತೆ ಕೆಳತುದಿಯನ್ನು ಹಿಡಿದಿದ್ದರು. ಹೆಬ್ಬೆರಳು ಸರಿಯಾಗಿ ಏಳನೇ ಮೆಟ್ಟಿಲ, ಅಂದರೆ ಜೋಕೆಯ ಮೇಲಿತ್ತು. ಬೆರಳು ತೆಗೆದು ತೋರಿಸಿದರು. ಸರೋಜಮ್ಮನ ಹೆಬ್ಬೆರಳು ವರ್ಷವಿಡೀ ಉಜ್ಜಿ ಉಜ್ಜಿ ಎರಡನೇ ಅಕ್ಷರ ಅಳಿಸಿಹೋಗಿತ್ತು. "ಇದನ್ನು ನಾನು 'ಜೋಳ' ಅಂತ ಓದಿದೆ. ನರ್ಸಿಗೆ ಜೋಳದ ಸುದ್ದಿ ಎಂತಕ್ಕೆ ಅಂತ ಬಂದ ದಿನವೇ ತಮಾಷೆಗೆ ತೆರೆದು ನೋಡಿದ್ದು. ನೋಡದೆ ಇದ್ದಿದ್ದರೆ?"

ಯಜಮಾನರ ಕೈ ಮೀಸೆಯಿಂದ ಇಳಿಯಿತು. ಹನುಮಂತಪ್ಪ ಯಂತ್ರ ನಿಲ್ಲಿಸಿದ. ಒಂದು ಜೀವ ಜೋಳದ ಮೇಲಿನ ಕುತೂಹಲದಿಂದ ಉಳಿದಿತ್ತು.

"ಜೋಕೆಯನ್ನು ಮೇಲಕ್ಕೆ ಹಾಕೋಣ" ಎಂದರು ಯಜಮಾನರು, ಗಾಬರಿಯಲ್ಲಿ ಗ್ರಂಥದ ಭಾಷೆಯಲ್ಲೇ.

"ಸಾಲು ಕದಲಿಸುವಂತಿಲ್ಲ" ಎಂದರು ಅನಂತಯ್ಯನವರು, ನನಗಿಂತ ಮೊದಲೇ.

"ಸಾಲು ಹಂಗೇ ಇರ್ಲಿ," ಎಂದೆ. "ಬೆರಳು ಬೀಳೋ ಜಾಗ ಖಾಲಿ ಬಿಟ್ಟು, ಏಳನ್ನೂ ಅದರಿಂದ ಮ್ಯಾಲೆ ಒತ್ತಾಣ. ಆದ್ರೆ ಬೆರಳು ಎಲ್ಲಿ ಬೀಳತೈತೆ ಅಂತ ಮೊದ್ಲು ನೋಡ್ಬೇಕು."

ಮಸಿಯ ದಿಂಬು ತಂದಿಟ್ಟೆ. ಒಬ್ಬೊಬ್ಬರೂ ಹೆಬ್ಬೆರಳಿಗೆ ಮಸಿ ಒತ್ತಿಕೊಂಡು, ಖಾಲಿ ಪುಸ್ತಕವನ್ನು ಯೋಚನೆ ಮಾಡದೆ ಒಮ್ಮೆ ಎತ್ತಿ ಹಿಡಿಯಬೇಕು. ಯಜಮಾನರು ಹಿಡಿದರು, ಫ್ಲೋರಿನ್ ಹಿಡಿದರು, ಹನುಮಂತಪ್ಪ ಹಿಡಿದ. ಅನಂತಯ್ಯನವರು ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಹೆಬ್ಬೆಟ್ಟು ಒತ್ತುತ್ತಿದ್ದೇನೆ ಎಂದು ಗೊಣಗುತ್ತಲೇ ಹಿಡಿದರು. ಅಷ್ಟರಲ್ಲಿ ಲಗ್ನಪತ್ರಿಕೆ ಮಾಡಿಸಲು ಹಳ್ಳಿಯ ಹಿರಿಯರೊಬ್ಬರು ಒಳಗೆ ಬಂದರು. ನಾವೆಲ್ಲ ಸಾಲಾಗಿ ನಿಂತು ಹೆಬ್ಬೆರಳು ಕಪ್ಪು ಮಾಡಿಕೊಳ್ಳುತ್ತಿರುವುದನ್ನು ಒಂದು ಗಳಿಗೆ ನೋಡಿದರು. ಏನು, ಎತ್ತ ಎಂದು ಕೇಳಲಿಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಸಾಲಿನ ಕೊನೆಗೆ ಬಂದು ನಿಂತು, ತಮ್ಮ ಹೆಬ್ಬೆರಳನ್ನೂ ಚಾಚಿದರು.

"ನಂದು ಸೊಲ್ಪ ದಪ್ಪ ಐತೆ" ಎಂದರು.